ಬಾಡಿನಾ, ಲೆನ್ಸಾ? ಕೈ ಸುಟ್ಟುಕೊಂಡವರು, ಗೆದ್ದವರು ಇಬ್ಬರೂ ಹೇಳಿ

ಮೋಡನೆರಳು:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಒಂದು ಎಪಿಎಸ್-ಸಿ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರ್) ಮಿರರ್‌ಲೆಸ್ ಕ್ಯಾಮೆರಾ, ಅದರ ಜೊತೆ ಬಂದ 18-55 ಕಿಟ್ ಲೆನ್ಸ್ ಇದೆ. ಇಲ್ಲಿಯವರೆಗೆ ಫೋಟೋ ಮಾತ್ರ ತೆಗೆಯುತ್ತಿದ್ದೆ. ಈಗ ಗೆಳೆಯರು ಸೇರಿ ಕಿರುಚಿತ್ರ ಮಾಡೋಣ ಅಂತಿದ್ದೇವೆ. ಮುಕ್ಕಾಲು ಪಾಲು ರಾತ್ರಿ, ಮನೆಯೊಳಗೆ. ಕೂಡಿಟ್ಟ ದುಡ್ಡಲ್ಲಿ ದೊಡ್ಡ ವಸ್ತು ಒಂದೇ ಬರುತ್ತದೆ. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಬಾಡಿ (ಲೆನ್ಸ್ ಇಲ್ಲದ ಕ್ಯಾಮೆರಾ) ಕೊಳ್ಳಲಾ, ಒಳ್ಳೆ ಲೆನ್ಸ್ ತಗೊಳ್ಳಲಾ? ಇನ್ನೊಂದು ವಿಷಯ. ಮನೆ ಲೈಟಿನ ಕೆಳಗೆ ವಿಡಿಯೊ ತೆಗೆದರೆ ಅಡ್ಡ ಪಟ್ಟೆಗಳು ಓಡುತ್ತವೆ. ಶಟರ್ 1/80 ಸೆಕೆಂಡ್ ಇತ್ತು. ಕ್ಯಾಮೆರಾ ಕೆಟ್ಟಿದೆಯಾ?

ದೊಡ್ಡಸೆನ್ಸರ್:
ಫುಲ್ ಫ್ರೇಮ್ ತಗೊಳ್ಳಿ. ಆದರೆ ಬಾಡಿ ಬೆಲೆ ಒಂದನ್ನೇ ನೋಡಿ ಲೆಕ್ಕ ಹಾಕಬೇಡಿ. ನನ್ನದು ಕೇಳಿ. ಬಾಡಿ ಬಂದ ದಿನ ಹಳೇ ಎಪಿಎಸ್-ಸಿ ಲೆನ್ಸ್ ಹಾಕಿದೆ. ತಕ್ಷಣ ಅದು ಕ್ರಾಪ್ ಮೋಡ್‌ಗೆ (ಸೆನ್ಸರಿನ ನಡುಭಾಗ ಮಾತ್ರ ಬಳಸುವುದು) ಹೋಯಿತು. 24 ಮೆಗಾಪಿಕ್ಸೆಲ್ ಅಂತ ತಂದದ್ದು 10 ಚಿಲ್ಲರೆ ಮೆಗಾಪಿಕ್ಸೆಲ್ ಆಗಿ ಕೂತಿತು. ಸರಿ ಅಂತ 24-70 ಎಫ್/2.8 ಲೆನ್ಸ್ ತಗೊಂಡೆ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಒಳಗೆ ಬರುವ ಬೆಳಕು ಜಾಸ್ತಿ). ಅದರ ಬೆಲೆ ಬಾಡಿಯನ್ನೂ ಮೀರಿತು. ಅದರ ಮೂತಿ 82 ಎಂಎಂ, ಹಾಗಾಗಿ ಇದ್ದ ಫಿಲ್ಟರ್‌ಗಳೆಲ್ಲ ಮೂಲೆ ಸೇರಿದವು. ಟ್ರೈಪಾಡ್ ತಲೆಗೆ ಆ ತೂಕ ತಡೆಯಲಿಲ್ಲ. ಫ್ರೇಮ್ ಕೂರಿಸಿ ಕೈ ಬಿಟ್ಟರೆ ಕ್ಯಾಮೆರಾ ನಟನ ಮುಖದಿಂದ ಮೆಲ್ಲಗೆ ಅಂಗಿಯ ಗುಂಡಿಗೆ ಇಳಿಯುತ್ತಿತ್ತು. ಹೊಸ ತಲೆ ತಂದೆ. ಕ್ಯಾಮೆರಾ ಅಲುಗದಂತೆ ಹಿಡಿಯುವ ಗಿಂಬಲ್‌ನ ಮೋಟರ್ ಕಿರುಗುಟ್ಟಿತು. ಅದನ್ನೂ ಬದಲಿಸಿದೆ. ಆಮೇಲೆ ಎಡಿಟಿಂಗ್. 10 ಬಿಟ್ 4:2:2 ಎಚ್.265 ಫೈಲ್ (ಬಣ್ಣದ ವಿವರ ಜಾಸ್ತಿ ಇರುವ, ಒತ್ತಿ ಚಿಕ್ಕದು ಮಾಡಿದ ವಿಡಿಯೊ) ಟೈಮ್‌ಲೈನ್‌ಗೆ ಎಳೆದರೆ ಕಂಪ್ಯೂಟರ್ ನಿಂತೇ ಹೋಗುತ್ತಿತ್ತು. ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದೆ. ಅದು ಬಣ್ಣದ ವಿವರ ಕಡಿಮೆ ಇರುವ 4:2:0 ಮಾತ್ರ ಸಲೀಸಾಗಿ ಬಿಡಿಸುತ್ತದಂತೆ, 4:2:2 ಅಲ್ಲ. ಇದನ್ನು ಮಾರಿದವನು ದುಡ್ಡು ಎಣಿಸಿಕೊಂಡ ಮೇಲೆ ಹೇಳಿದ. ಈಗಲೂ ಪ್ರಾಕ್ಸಿ (ಎಡಿಟಿಂಗ್‌ಗೆ ಹಗುರವಾದ ನಕಲು ಫೈಲ್) ಮಾಡಿಕೊಂಡೇ ಕೆಲಸ.

ಇಷ್ಟಾದರೂ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 6400ರಲ್ಲಿ ತೆಗೆದ ರಾತ್ರಿ ಶಾಟ್ ನೋಡಿದರೆ ಖರ್ಚೆಲ್ಲ ಮರೆತುಹೋಗುತ್ತದೆ. ಕಿಟ್ ಕ್ಯಾಮೆರಾದಲ್ಲೇ ಸಿನಿಮಾ ಮಾಡ್ತೀನಿ ಅನ್ನೋದು ಹೇಳೋಕೆ ಚೆಂದ.

ಹಳೇಗಾಜು:
ದೊಡ್ಡಸೆನ್ಸರ್ ಸರ್, ಇಷ್ಟೆಲ್ಲ ಸುರಿದು ನೀವು ಗಳಿಸಿದ್ದು ಎಷ್ಟು ಸ್ಟಾಪ್? (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು.) ಎಪಿಎಸ್-ಸಿಗೂ ಫುಲ್ ಫ್ರೇಮ್‌ಗೂ ಇರುವ ವ್ಯತ್ಯಾಸ ಒಂದು ಸ್ಟಾಪ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಕಿಟ್ ಲೆನ್ಸ್ ಉದ್ದ ತುದಿಯಲ್ಲಿ ಎಫ್/5.6. ಅದರ ಬದಲು ಎಫ್/1.8 ಪ್ರೈಮ್ (ಜೂಮ್ ಇಲ್ಲದ ಲೆನ್ಸ್) ಹಾಕಿದರೆ ಮೂರು ಸ್ಟಾಪ್ ದಾಟುತ್ತದೆ. ಅಂದರೆ ಐಎಸ್‌ಒ 6400 ಬೇಕಾದಲ್ಲಿ 800ರ ಆಸುಪಾಸು ಸಾಕು. ಟ್ರೈಪಾಡ್ ತಲೆಯೂ ಬಗ್ಗುವುದಿಲ್ಲ.

ನಾನು ಸ್ಕ್ರೂ ಥರ ತಿರುಗಿಸಿ ಕೂರಿಸುವ ಹಳೇ ಎಂ42 ಲೆನ್ಸ್‌ಗಳಿಗೆ ಬಿದ್ದವನು. ಹೀಲಿಯೋಸ್ 44-2, 58 ಎಂಎಂ ಎಫ್/2. ಒಂದು ಅಡಾಪ್ಟರ್, ಫೋಕಸ್ ಪೀಕಿಂಗ್ (ಫೋಕಸ್ ಆದ ಅಂಚಿಗೆ ಪರದೆಯಲ್ಲಿ ಬಣ್ಣ ಬರುವುದು), ಇಷ್ಟರಲ್ಲೇ ಕೆಲಸ ಆಗುತ್ತದೆ. ಫೋಕಸ್ ರಿಂಗ್ ಉದ್ದಕ್ಕೆ ತಿರುಗುತ್ತದೆ. ಈಗಿನ ಎಲೆಕ್ಟ್ರಾನಿಕ್ ರಿಂಗ್‌ಗಳ ಥರ ನಿಧಾನಕ್ಕೆ ತಿರುಗಿಸಿದರೆ ಒಂದು ಕಡೆ, ಬೇಗ ತಿರುಗಿಸಿದರೆ ಇನ್ನೊಂದು ಕಡೆ ಹೋಗಿ ನಿಲ್ಲುವುದಿಲ್ಲ. ನಷ್ಟ ಆಗಿಲ್ಲ ಅಂತ ಅಲ್ಲ. ‘ಗಾಜು ಕ್ಲೀನ್’ ಅಂತ ಮಾರಿದ ಒಂದು ಲೆನ್ಸ್‌ಗೆ ಹಿಂದಿನಿಂದ ಟಾರ್ಚ್ ಬಿಟ್ಟರೆ ಜೇಡರ ಬಲೆ ಕಂಡಿತು. ಫಂಗಸ್. ಬಿಚ್ಚಿಸಿ ತೊಳೆಸಲು ಲೆನ್ಸಿನ ಎರಡರಷ್ಟು ಕೊಟ್ಟೆ. ಕೋಟಿಂಗ್ ತಿಂದು ಹಾಕಿತ್ತು, ಆ ಗುರುತು ಹೋಗಲಿಲ್ಲ. ಇನ್ನೊಂದು ಹಳೇ ಟಾಕುಮಾರ್ 50 ಎಂಎಂ ಎಫ್/1.4. ಅದರ ಗಾಜಿನಲ್ಲಿ ಥೋರಿಯಂ ಇದೆ, ಕಾಲ ಕಳೆದಂತೆ ಹಳದಿ ತಿರುಗುತ್ತದೆ. ಯುವಿ ಎಲ್‌ಇಡಿ ದೀಪದ ಕೆಳಗೆ ಇಟ್ಟೆ, ಹಳದಿ ಇಳಿಯಿತು. ಈಗ ಅದೇ ನನ್ನ ಮೆಚ್ಚಿನ ಲೆನ್ಸ್.

ದೊಡ್ಡಸೆನ್ಸರ್:
ಥೋರಿಯಂ! ವಿಕಿರಣ ಬರುವ ಗಾಜನ್ನು ಹೊಸಬರಿಗೆ ಹೇಳುತ್ತೀರಲ್ಲ, ಏನನ್ನಬೇಕು ನಿಮಗೆ?

ಹಳೇಗಾಜು:
ಕಣ್ಣಿಗೆ ಒತ್ತಿ ಹಿಡಿಯುವ ಐಪೀಸ್ ಅಲ್ಲ ಅದು. ಕ್ಯಾಮೆರಾ ಮೂತಿಯಲ್ಲಿರುವ ಲೆನ್ಸ್. ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿ ಅಂತ ನಾನೇನೂ ಹೇಳಲಿಲ್ಲ.

ಸೌಂಡ್‌ಮೊದಲು:
ಇಬ್ಬರೂ ಸ್ವಲ್ಪ ಸುಮ್ನಿರಿ. ಸಿನಿಮಾ ಅಂತ ಕೇಳಿದ್ದಾರೆ, ಒಬ್ಬರೂ ಮೈಕ್ ಅನ್ನಲಿಲ್ಲ. ಚಿತ್ರದಲ್ಲಿ ಗ್ರೈನ್ (ಕಾಳು ಕಾಳು) ಇದ್ದರೂ ನೋಡುತ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ. ನಮ್ಮ ತಂಡದ ದುಡ್ಡೆಲ್ಲ ಲೆನ್ಸ್‌ಗೆ ಹೋಯಿತು. ಮೈಕ್ ಬೇಕು ಅಂತ ನಾನು ಬಡಕೊಂಡೆ, ಯಾರೂ ಕೇಳಲಿಲ್ಲ. ಕ್ಯಾಮೆರಾ ಮೈಕ್, ಆಟೋ ಗೇನ್ (ದನಿಯ ಮಟ್ಟ ತಾನಾಗಿ ಏರಿಳಿಯುವುದು). ಮಾತು ನಿಂತ ಕೂಡಲೇ ಗೇನ್ ಏರಿ ‘ಸ್ಸ್’ ಅಂತ ಶುರು. ಮಾತು ಬಂದ ಕೂಡಲೇ ಇಳಿಯುತ್ತದೆ. ಪ್ರತಿ ಸಂಭಾಷಣೆಗೂ ಹೀಗೇ. ನಾಯ್ಸ್ ರಿಡಕ್ಷನ್ ಹಾಕಿದರೆ ಎಲ್ಲರೂ ಕೊಡದೊಳಗೆ ಕೂತು ಮಾತಾಡಿದ ಹಾಗೆ ಆಯಿತು. ಕೊನೆಗೆ ಪೂರ್ತಿ ಡಬ್ಬಿಂಗ್. ಆ ಡಬ್ಬಿಂಗಿನ ಖರ್ಚಲ್ಲಿ ರೆಕಾರ್ಡರ್, ಅಂಗಿಗೆ ಸಿಕ್ಕಿಸುವ ಎರಡು ಲೇಪಲ್ ಮೈಕ್, ಮೈಕ್ ಚಾಚಿ ಹಿಡಿಯುವ ಒಂದು ಬೂಮ್ ಕೋಲು ಬಂದು ಮೇಲೆ ಚಿಲ್ಲರೆ ಉಳಿಯುತ್ತಿತ್ತು. ಮುಖ್ಯ ನಟ ಬೇರೆ ಊರಿಗೆ ಹೋಗಿಬಿಟ್ಟಿದ್ದ. ಅವನ ದನಿಗೆ ಬೇರೊಬ್ಬರನ್ನು ತಂದೆವು. ಅವನು ಇವತ್ತಿಗೂ ಆ ಸಿನಿಮಾ ನೋಡಿಲ್ಲ.

ಮನೆಯೊಳಗೆ ತೆಗೆಯುವುದಾದರೆ ಸದ್ದು ಬಾರದಂತೆ ಫ್ರಿಜ್ ಆಫ್ ಮಾಡಿ, ಗಾಡಿ ಕೀಲಿಯನ್ನು ಫ್ರಿಜ್ ಒಳಗೇ ಇಡಿ. ಕೀಲಿ ತೆಗೆಯಲು ಹೋದಾಗ ಆನ್ ಮಾಡುವುದು ನೆನಪಾಗುತ್ತದೆ. ಸುಮ್ನೆ ಹೇಳ್ತಿಲ್ಲ.

ಸಪ್ಪೆಬಣ್ಣ:
ಮೈಕ್ ಸರಿ ಮೇಡಂ. ಆದರೆ ಸೆಟ್ಟಿಂಗ್ ಕೇಳಿದ್ದಾರಲ್ಲ, ಒಂದೇ ಮಾತು: ಲಾಗ್‌ನಲ್ಲೇ (ಬೆಳಕು-ನೆರಳಿನ ವಿವರ ಉಳಿಸುವ ಸಪ್ಪೆ ಬಣ್ಣದ ಪ್ರೊಫೈಲ್) ತೆಗೀರಿ. ಸ್ಟ್ಯಾಂಡರ್ಡ್ ಪ್ರೊಫೈಲ್‌ನಲ್ಲಿ ಕಿಟಕಿ ಬಿಳಿಯಾಗಿ ಸುಟ್ಟುಹೋದರೆ ದೇವರು ಬಂದರೂ ವಾಪಸ್ ತರಲಾರ. ನಾನು ಲಾಗ್ ಬಿಟ್ಟು ಬೇರೆ ಮುಟ್ಟುವುದಿಲ್ಲ. ಮತ್ತೆ ಕಾರ್ಡ್, ವಿ90 (ಬರೆಯುವ ವೇಗದ ದರ್ಜೆ) ಇಲ್ಲದೆ 4ಕೆಗೆ ಹೋಗಲೇಬೇಡಿ. 100 ಎಂಬಿ ಬರೆಯಬೇಕು ಅದು, ವಿ30 ಹಾಕಿದರೆ ಮಧ್ಯದಲ್ಲೇ ನಿಲ್ಲುತ್ತದೆ.

ರೀಲುಸುತ್ತು:
ಎರಡೂ ತಪ್ಪು.

ಒಂದು, ಅವರ ಕ್ಯಾಮೆರಾ 8 ಬಿಟ್ ಇರಬಹುದು. 8 ಬಿಟ್ ಅಂದರೆ ಒಂದು ಬಣ್ಣಕ್ಕೆ 256 ಮೆಟ್ಟಿಲು, 10 ಬಿಟ್‌ನಲ್ಲಿ 1024. ಖಾಲಿ ಗೋಡೆ, ಪಕ್ಕದಲ್ಲಿ ಒಂದು ಟೇಬಲ್ ಲ್ಯಾಂಪ್ ಇರುವ ಶಾಟ್ ಅನ್ನು 8 ಬಿಟ್ ಲಾಗ್‌ನಲ್ಲಿ ತೆಗೆದು ಗ್ರೇಡ್ ಮಾಡಿ (ಬಣ್ಣ ತಿದ್ದಿ) ನೋಡಿ. ಬೆಳಕು ಕರಗುವ ಜಾಗದಲ್ಲಿ ನಕಾಶೆಯ ಗೆರೆಗಳ ಹಾಗೆ ಸುತ್ತು ಸುತ್ತು ಪಟ್ಟಿ ಬರುತ್ತದೆ. ಜೊತೆಗೆ ಎಷ್ಟೋ ಬಾಡಿಗಳಲ್ಲಿ ಲಾಗ್ ಐಎಸ್‌ಒ 800ರ ಕೆಳಗೆ ಇಳಿಯುವುದೇ ಇಲ್ಲ. ಬಿಸಿಲಲ್ಲಿ ಐಎಸ್‌ಒ 800, 1/50, ಎಫ್/2.8 ಇಟ್ಟರೆ ಒಂಬತ್ತು ಸ್ಟಾಪ್ ಓವರ್. ಲಾಗ್‌ಗೆ ಒಂದೆರಡು ಸ್ಟಾಪ್ ಜಾಸ್ತಿ ಇದ್ದರೆ ಒಳ್ಳೆಯದೇ ಅನ್ನಿ, ಆದರೂ ಬೆಳಕು ತಗ್ಗಿಸುವ ಎನ್‌ಡಿ128 ಫಿಲ್ಟರ್ ಬೇಕು. ಐಎಸ್‌ಒ 100ರಲ್ಲಿ ಸಾಮಾನ್ಯ ಪ್ರೊಫೈಲ್‌ನಲ್ಲಿ ತೆಗೆದರೆ ಎನ್‌ಡಿ64 ಸಾಕು. ರಾತ್ರಿ ಮನೆಯೊಳಗೆ, ಸುಟ್ಟುಹೋಗದಂತೆ ಕಾಪಾಡಲು ಕಿಟಕಿಯಲ್ಲಿ ಆಕಾಶವೇ ಇಲ್ಲ. ಅಲ್ಲಿ ಲಾಗ್ ಯಾಕೆ?

ಎರಡು, 100 ಎಂಬಿಪಿಎಸ್ ಅಂದರೆ ಮೆಗಾಬಿಟ್. ಎಂಟರಿಂದ ಭಾಗಿಸಿ. ಸೆಕೆಂಡಿಗೆ 12.5 ಮೆಗಾಬೈಟ್. ವಿ30 ಕಾರ್ಡ್ ಕನಿಷ್ಠ 30 ಮೆಗಾಬೈಟ್ ಬರೆಯುತ್ತದೆ. 400 ಮೆಗಾಬಿಟ್‌ನ ಆಲ್-ಐ (ಪ್ರತಿ ಫ್ರೇಮನ್ನೂ ಪೂರ್ತಿಯಾಗಿ ಉಳಿಸುವುದು) ಹಾಕಿದರೆ 50 ಮೆಗಾಬೈಟ್, ಆಗ ವಿ60. ವಿ90 ಕೊಂಡು ಅದನ್ನು 12.5ಕ್ಕೆ ಬಳಸುತ್ತಿದ್ದರೆ ಸಂತೋಷ, ನಿಮ್ಮ ದುಡ್ಡು.

ಸಪ್ಪೆಬಣ್ಣ:
ನನ್ನ ವಿ30 ಮಧ್ಯದಲ್ಲಿ ನಿಂತದ್ದು ಸುಳ್ಳಾ ಹಾಗಾದರೆ? ಮದುವೆ ಶೂಟಲ್ಲಿ, ತಾಳಿ ಕಟ್ಟುವ ಹೊತ್ತಿಗೆ! ಅವರ ಮನೆಯವರ ಮುಂದೆ ನಿಂತವನು ನಾನು, ನೀವಲ್ಲ.

ರೀಲುಸುತ್ತು:
ನಕಲಿ ಕಾರ್ಡ್ ಇದ್ದಿರಬಹುದು. ಹೊಸ ಕಾರ್ಡ್ ಬಂದ ದಿನ ಪೂರ್ತಿ ತುಂಬಿಸಿ, ವಾಪಸ್ ಓದಿಸಿ ನೋಡಬೇಕು. ಇಲ್ಲದಿದ್ದರೆ 29 ನಿಮಿಷ 59 ಸೆಕೆಂಡಿಗೆ ತಾನಾಗಿ ನಿಲ್ಲುವ ಹಳೇ ಬಾಡಿ ಇರಬಹುದು. ಯುರೋಪಿನ ಸುಂಕ ತಪ್ಪಿಸಲು ಕಂಪನಿಗಳು ಇಟ್ಟಿದ್ದ ಮಿತಿ ಅದು. ಎಷ್ಟು ಹೊತ್ತಿಗೆ ನಿಂತಿತು?

ಸಪ್ಪೆಬಣ್ಣ:
ಗಡಿಯಾರ ನೋಡುತ್ತಾ ನಿಂತಿರಲಿಲ್ಲ ಮಾರಾಯ್ರೆ.

ಮೋಡನೆರಳು:
ಎಲ್ಲರಿಗೂ ಥ್ಯಾಂಕ್ಸ್. ಆ ಪಟ್ಟೆಗಳು ಯಾಕೆ ಬರುತ್ತವೆ ಅಂತ ಯಾರಾದರೂ ಹೇಳ್ತೀರಾ?

ರೀಲುಸುತ್ತು:
ಅಯ್ಯೋ, ಅದಾ. ಕ್ಯಾಮೆರಾಗೆ ಏನೂ ಆಗಿಲ್ಲ. 50 ಹರ್ಟ್ಸ್ ಕರೆಂಟ್ ಇರುವ ಕಡೆ ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಡಿ, ಇಲ್ಲ 1/100. 1/80 ಆ ಲೆಕ್ಕಕ್ಕೆ ಕೂರುವುದಿಲ್ಲ. ಹೊರಗೆ ಬಿಸಿಲಿಗೆ ಬಂದಾಗ ಶಟರ್ ಏರಿಸಬೇಡಿ, ಎನ್‌ಡಿ ಹಾಕಿ. 60 ಹರ್ಟ್ಸ್ ಇರುವ ಕಡೆಯಾದರೆ 30 ಫ್ರೇಮ್, 1/60. ಅಗ್ಗದ ಎಲ್‌ಇಡಿಗೆ ಡಿಮ್ಮರ್ ಹಾಕಿದ್ದರೆ ಮಾತ್ರ ಯಾವ ಶಟರ್‌ಗೂ ಬಗ್ಗದಿರಬಹುದು. ಪೂರ್ತಿ ಉರಿಸಿ, ಬೆಳಕು ಜಾಸ್ತಿಯಾದರೆ ಮುಂದೆ ಬಿಳಿ ಬಟ್ಟೆ ಕಟ್ಟಿ. ಬಿಸಿಗೆ ತಾಗದಷ್ಟು ದೂರದಲ್ಲಿ.

ದೊಡ್ಡಸೆನ್ಸರ್:
24 ಫ್ರೇಮ್ ಇಡಿ. 25 ಟಿವಿ ಲುಕ್.

ರೀಲುಸುತ್ತು:
ಸೆಕೆಂಡಿಗೆ ಒಂದು ಫ್ರೇಮ್ ಕಡಿಮೆ ಮಾಡಿದರೆ ಸಿನಿಮಾ ಆಗುತ್ತದೆ ಅಂದರೆ ನಾವೆಲ್ಲ ಇಷ್ಟು ವರ್ಷ ಯಾಕೆ ಒದ್ದಾಡಿದೆವು? ಕಣ್ಣು ಮುಚ್ಚಿಕೊಂಡು ಗುರುತಿಸಿ ತೋರಿಸಿ.

ದೊಡ್ಡಸೆನ್ಸರ್:
ಕಣ್ಣು ಮುಚ್ಚಿಕೊಂಡು ವಿಡಿಯೊ ನೋಡುವವರಿಗೆ ಎರಡೂ ಒಂದೇ ಬಿಡಿ.

ಮೋಡನೆರಳು:
1/50 ಇಟ್ಟು ನೋಡಿದೆ, ಪಟ್ಟೆ ಹೋಯಿತು. ಹಾಗಾದರೆ ಬಾಡಿ ಬೇಡ. 35 ಎಂಎಂ ಎಫ್/1.8 ಲೆನ್ಸ್, ಉಳಿದ ದುಡ್ಡಲ್ಲಿ ಮೈಕ್. ಹೀಗೆ ಅಂದುಕೊಂಡಿದ್ದೇನೆ.

ಹಳೇಗಾಜು:
ಒಳ್ಳೆಯದು. ಆದರೆ 1.8 ಇದೆ ಅಂತ ಎಲ್ಲ ಶಾಟೂ 1.8ರಲ್ಲೇ ತೆಗೆಯಬೇಡಿ. ಎಪಿಎಸ್-ಸಿಯಲ್ಲಿ, ಎರಡು ಮೀಟರ್ ದೂರಕ್ಕೆ, ಫೋಕಸ್‌ನಲ್ಲಿ ನಿಲ್ಲುವುದು ಒಂದು ಗೇಣು ಜಾಗ. ನಟ ಸ್ವಲ್ಪ ಮುಂದೆ ಬಾಗಿದರೆ ಕಣ್ಣು ಮಸುಕು, ಕಿವಿ ಸ್ಪಷ್ಟ. ಎಫ್/2.8ಕ್ಕೆ ಇಳಿಸಿ, ಇನ್ನೊಂದು ಲೈಟ್ ಹಾಕಿ. ಹೊಸದೇ ಆಗಬೇಕು ಅಂತಲೂ ಇಲ್ಲ, ನನ್ನ ಹತ್ತಿರ ಒಂದು ಹಳೇ 35 ಇದೆ...

ಸೌಂಡ್‌ಮೊದಲು:
ಆ ಫಂಗಸ್ ಇರೋದಾ?

ಹಳೇಗಾಜು:
ಅದು ಬೇರೆ ಲೆನ್ಸ್ ಮೇಡಂ. ಇದು ಡ್ರೈ ಬಾಕ್ಸಿನಲ್ಲಿ 45 ಪರ್ಸೆಂಟ್ ತೇವಾಂಶದಲ್ಲಿ ಇಟ್ಟದ್ದು. ಬೇಕಾದರೆ ಟಾರ್ಚ್ ಬಿಟ್ಟ ಫೋಟೋ ಹಾಕ್ತೀನಿ.

ದೊಡ್ಡಸೆನ್ಸರ್:
ಹಾಕಿ, ಎರಡೂ ಕಡೆಯಿಂದ.