ಹಳೆಯ ಆಂಪ್ಲಿಫೈಯರ್‌ನ ಕೆಪಾಸಿಟರ್ ಮತ್ತು ಆಪ್-ಆಂಪ್ ಬದಲಿಸಬಹುದೇ?

ಪ್ರಶ್ನೆ:
ನನ್ನಲ್ಲಿರುವ ಸ್ಟೀರಿಯೊ ಆಂಪ್ಲಿಫೈಯರ್ ಬಹಳ ಹಳೆಯದು. ಈಚೆಗೆ ಎರಡೂ ಸ್ಪೀಕರ್‌ಗಳಲ್ಲಿ ಗುಂಯ್ ಎಂಬ ಸದ್ದು ಬರುತ್ತಿದ್ದು, ವಾಲ್ಯೂಮನ್ನು ಪೂರ್ತಿ ಇಳಿಸಿದರೂ ಕಡಿಮೆಯಾಗುವುದಿಲ್ಲ. ಪವರ್ ಸಪ್ಲೈನಲ್ಲಿರುವ 4,700 ಮೈಕ್ರೋಫ್ಯಾರಡ್, 50 ವೋಲ್ಟ್‌ನ ಎರಡು ಕೆಪಾಸಿಟರ್‌ಗಳ ಬದಲಿಗೆ 22,000ದವನ್ನು ಹಾಕಿ, ಜೊತೆಗೆ ಎನ್‌ಇ5532 ಆಪ್-ಆಂಪ್ (ಸಂಕೇತವನ್ನು ವರ್ಧಿಸುವ ಪುಟ್ಟ ಚಿಪ್) ತೆಗೆದು ಹೊಸದನ್ನು ಕೂರಿಸಿದರೆ ಧ್ವನಿ ಸುಧಾರಿಸೀತೇ?

ಉತ್ತರ:
ಮೊದಲು ಇನ್‌ಪುಟ್ ಕೇಬಲ್‌ಗಳನ್ನೆಲ್ಲ ಕಿತ್ತು ನೋಡಿ. ಆಗಲೂ ಸದ್ದು ಹಾಗೆಯೇ ಇದ್ದರೆ ದೋಷ ವಾಲ್ಯೂಮ್ ಕಂಟ್ರೋಲ್‌ನ ಆಚೆಗಿದೆ ಎಂದರ್ಥ. ಹಳೆಯ ಯಂತ್ರದಲ್ಲಿ ಅದು ಹೆಚ್ಚಾಗಿ ಪವರ್ ಸಪ್ಲೈನಲ್ಲಿ ಒಣಗಿದ ಫಿಲ್ಟರ್ ಕೆಪಾಸಿಟರ್‌ಗಳದೇ ಕೆಲಸ. ಬದಲಿಸುವುದು ಸರಿ, ಆದರೆ 22,000 ಬೇಡ. ಸ್ವಿಚ್ ಹಾಕಿದ ಕ್ಷಣದಲ್ಲಿ ಖಾಲಿ ಕೆಪಾಸಿಟರ್ ಎಳೆದುಕೊಳ್ಳುವ ಕರೆಂಟು ಅದರ ಗಾತ್ರದೊಂದಿಗೆ ಹೆಚ್ಚುವುದರಿಂದ ಬ್ರಿಡ್ಜ್ ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ಭಾಗ) ಮತ್ತು ಫ್ಯೂಸ್ ಎರಡಕ್ಕೂ ಪೆಟ್ಟು. 6,800ಕ್ಕೆ ನಿಲ್ಲಿಸಿ. ವೋಲ್ಟೇಜ್ 50ಕ್ಕಿಂತ ಕೆಳಗಿಳಿಯಬಾರದು, 63 ಆದರೆ ತೊಂದರೆಯಿಲ್ಲ. 105 ಡಿಗ್ರಿ ಸೆಲ್ಸಿಯಸ್ ಶಾಖ ತಾಳುವವನ್ನೇ ಆರಿಸಿ. ಕೊಳ್ಳುವ ಮುನ್ನ ಕಾಲುಗಳ ನಡುವಿನ ಅಂತರವನ್ನೂ ಮುಚ್ಚಳದವರೆಗಿನ ಎತ್ತರವನ್ನೂ ಅಳೆದುಕೊಳ್ಳಿ.

ಇನ್ನೊಬ್ಬರ ಉತ್ತರ:
ಕೆಪಾಸಿಟರ್ ವಿಚಾರಕ್ಕೆ ನನ್ನ ಸಹಮತವಿದೆ. ಆಪ್-ಆಂಪನ್ನು ಮಾತ್ರ ಮುಟ್ಟಬೇಡಿ. 5532 ಇಂದಿಗೂ ಒಳ್ಳೆಯ ಚಿಪ್. ಅದಕ್ಕಿಂತ ವೇಗದ ಚಿಪ್ಪನ್ನು ಹಳೆಯ ಬೋರ್ಡಿನಲ್ಲಿ ಕೂರಿಸಿದಾಗ, ಸಪ್ಲೈ ಪಿನ್‌ಗಳ ಪಕ್ಕದಲ್ಲೇ 0.1 ಮೈಕ್ರೋಫ್ಯಾರಡ್‌ನ ಡಿಸ್ಕ್ ಕೆಪಾಸಿಟರ್ ಇಲ್ಲದಿದ್ದರೆ, ಅದು ಮೆಗಾಹರ್ಟ್ಸ್‌ಗಳಲ್ಲಿ ಆಸಿಲೇಟ್ ಆಗುವ (ತಾನಾಗಿಯೇ ಕಂಪಿಸತೊಡಗುವ) ಸಾಧ್ಯತೆಯಿದೆ. ಕಿವಿಗೆ ಅದು ಕೇಳಿಸುವುದಿಲ್ಲ, ಚಿಪ್ ಬಿಸಿಯಾದಾಗಲೋ ಟ್ವೀಟರ್ ಸುಟ್ಟಾಗಲೋ ಗೊತ್ತಾಗುತ್ತದೆ. ಆಸಿಲೋಸ್ಕೋಪ್ ಕೈಯಲ್ಲಿಲ್ಲದೆ ಈ ಸಾಹಸ ಬೇಡ. ಬದಲಾಯಿಸಿದ ಮೇಲೆ ಧ್ವನಿ ‘ತೆರೆದುಕೊಂಡಿತು’ ಎನ್ನುವವರ ಮಾತಿನಲ್ಲಿ ನನಗೆ ಹೆಚ್ಚಿನ ನಂಬಿಕೆಯಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಕೇಬಲ್ ಕಿತ್ತರೂ ಸದ್ದು ನಿಲ್ಲಲಿಲ್ಲ, ಕೆಪಾಸಿಟರ್‌ಗಳನ್ನಷ್ಟೇ ಬದಲಿಸುತ್ತೇನೆ. ಆಮೇಲೆ ಏನೇನು ಪರೀಕ್ಷಿಸಬೇಕು?

ಮೊದಲು ಉತ್ತರಿಸಿದವರು:
ಬಿಚ್ಚುವ ಮುನ್ನ ಪ್ಲಗ್ ತೆಗೆದು, ಹಳೆಯ ಕೆಪಾಸಿಟರ್‌ಗಳನ್ನು ರೆಸಿಸ್ಟರ್ ಮೂಲಕ ಡಿಸ್ಚಾರ್ಜ್ ಮಾಡಿ, ಮೀಟರ್‌ನಲ್ಲಿ ಸೊನ್ನೆ ಕಂಡ ಮೇಲೆಯೇ ಕೈ ಹಾಕಿ. ಹೊಸದನ್ನು ಬೆಸುಗೆ ಹಾಕುವಾಗ ಮೈನಸ್ ಪಟ್ಟಿ ಯಾವ ಕಡೆಗಿದೆ ಎಂಬುದನ್ನು ಎರಡು ಸಲ ನೋಡಿ. ಮೊದಲ ಬಾರಿ ಸ್ಪೀಕರ್ ಜೋಡಿಸದೆ, ಮೇನ್ಸ್ ಲೈನಿಗೆ ಸೀರೀಸ್‌ನಲ್ಲಿ 60 ವ್ಯಾಟಿನ ತಂತಿ ಬಲ್ಬ್ ಇಟ್ಟು ಸ್ವಿಚ್ ಹಾಕಿ. ಬಲ್ಬ್ ಒಮ್ಮೆ ಹೊಳೆದು ಮಂಕಾದರೆ ಸರಿ, ಪ್ರಕಾಶವಾಗಿ ಉರಿಯುತ್ತಲೇ ಇದ್ದರೆ ಕೂಡಲೇ ಆರಿಸಿ. ಬಲ್ಬ್ ತೆಗೆದ ನಂತರ ಸ್ಪೀಕರ್ ಟರ್ಮಿನಲ್‌ನಲ್ಲಿ ಡಿಸಿ ವೋಲ್ಟೇಜ್ ಅಳೆಯಿರಿ. ಅದು 50 ಮಿಲಿವೋಲ್ಟ್ ದಾಟಿದ್ದರೆ ಸ್ಪೀಕರ್ ಜೋಡಿಸಬೇಡಿ. ಬಯಾಸನ್ನು (ಹಾಡಿಲ್ಲದಾಗಲೂ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳಲ್ಲಿ ಹರಿಯುವ ಕರೆಂಟನ್ನು) ಯಂತ್ರ ಬಿಸಿಯಾದ ಮೇಲೆ ಆ ಟ್ರಾನ್ಸಿಸ್ಟರ್‌ಗಳ ಎಮಿಟರ್ ರೆಸಿಸ್ಟರ್‌ನ ಎರಡು ತುದಿಗಳ ನಡುವೆ ನೋಡಬೇಕು: ಉದಾಹರಣೆಗೆ 0.22 ಓಮ್‌ನ ಮೇಲೆ 11 ಮಿಲಿವೋಲ್ಟ್ ಬಂದರೆ 50 ಮಿಲಿಆಂಪಿಯರ್ ಹರಿಯುತ್ತಿದೆ ಎಂದರ್ಥ. ನಿಮ್ಮ ಮಾಡೆಲ್‌ಗೆ ಎಷ್ಟಿರಬೇಕೆಂಬುದು ಸರ್ವೀಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ. ಅದು ಸಿಗುವವರೆಗೆ ಪ್ರೀಸೆಟ್ (ಬಯಾಸ್ ಹೊಂದಿಸುವ ಪುಟ್ಟ ತಿರುಪು) ತಿರುಗಿಸಬೇಡಿ.