ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ಬರೀ ಮೂರೂವರೆ ಗಂಟೆನಾ?

ಪ್ರಶ್ನೆ: ಅಮ್ಮನ 2023ರ ಜುಲೈ ಟಿಕೆಟ್ ಸಿಕ್ಕಿತು. ನೇರ ವಿಮಾನ. ಮಧ್ಯಾಹ್ನ 2ಕ್ಕೆ ಬಿಟ್ಟು ಅದೇ ದಿನ ಸಂಜೆ 5.30ಕ್ಕೆ ಇಳಿದಿದೆ! ಹೇಗೆ?

ಉತ್ತರ 1: ಅಲ್ಲಿಯ ಗಡಿಯಾರ ಬೇಸಿಗೆಯಲ್ಲಿ ನಮ್ಮದಕ್ಕಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಇನ್ನೂ ಒಂದು ಗಂಟೆ ಜಾಸ್ತಿ. ಕೂಡಿಸಿ ನೋಡಿ, 16 ಗಂಟೆ ಬಂತಲ್ವಾ? ದೂರ ಸುಮಾರು 14,000 ಕಿ.ಮೀ.

ಉತ್ತರ 2: ಗೋಡೆಯ ನಕ್ಷೆ ನಂಬಬೇಡಿ, ಗ್ಲೋಬ್ ಮೇಲೆ ಎರಡೂ ಊರಿಗೆ ದಾರ ಬಿಗಿಯಾಗಿ ಹಿಡಿದು ನೋಡಿ, ಅದು ಉತ್ತರ ಧ್ರುವದ ಹತ್ತಿರಾನೇ ಹಾಯುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಮಹಿಳಾ ಪೈಲಟ್‌ಗಳೇ ಅಲ್ಲಿಂದ ಬೆಂಗಳೂರಿಗೆ ಧ್ರುವದ ಮೇಲಿಂದ ತಂದರು.

ಪ್ರಶ್ನೆ ಕೇಳಿದವರು: ಓಹೋ! ಅದಕ್ಕೇ ಅಮ್ಮನ ಕಾಲು ಅಷ್ಟು ಊದಿಕೊಂಡಿದ್ದು. ಸಂಜೆ ಕಾಫಿಗೆ ಸರಿಯಾಗಿ ತಲುಪಿದೆ ಅಂತ ಸುಮ್ನೆ ಜಂಬ ಬೇರೆ.