ಕಾಲು ಉಳುಕಿದೆ, ಮುಂದಿನ ವಾರ ಮ್ಯಾಚ್ ಆಡ್ಬೋದಾ?

ಹಾಕಿಹುಡ್ಗ: ವಿರಾಜಪೇಟೆ ಕಡೆಯವ್ನು ನಾನು, ಕುಟುಂಬದ ಹಾಕಿ ಟೂರ್ನಮೆಂಟಿಗೆ ಪ್ರಾಕ್ಟೀಸ್ ಮಾಡ್ತಿದ್ದೆ, ನಿನ್ನೆ ಗ್ರೌಂಡಲ್ಲಿ ಗುಂಡಿಗೆ ಕಾಲಿಟ್ಟು ಪಾದ ಒಳಕ್ಕೆ ಹೊರಳ್ತು, ಹೊರಗಡೆ ಗಂಟಿನ ಹತ್ರ ನಿಂಬೆಹಣ್ಣಿನಷ್ಟು ಊದಿದೆ, ಅಜ್ಜಿ ಬಿಸಿ ಎಣ್ಣೆ ಹಾಕಿ ತಿಕ್ಕು ಅಂತಾರೆ, ತಿಕ್ಲಾ?

ತೋಟದಮನೆ: ಈಗ್ಲೇ ತಿಕ್ಬೇಡ ಮಾರಾಯ! ಎರಡ್ಮೂರು ದಿನ ಬಿಸಿನೂ ಬೇಡ ಮಸಾಜೂ ಬೇಡ. ಐಸ್ ಬಟ್ಟೇಲಿ ಸುತ್ತಿ 15-20 ನಿಮಿಷ ಇಡು, ಕ್ರೇಪ್ ಬ್ಯಾಂಡೇಜ್ ಕಟ್ಟು, ಮಲಗುವಾಗ ಕಾಲಡಿಗೆ ಎರಡು ದಿಂಬು.

ಫಿಸಿಯೋ ಅಕ್ಕ: ನಾಲ್ಕು ಹೆಜ್ಜೆ ಊರಿ ನಡೆಯೋಕ್ಕಾಗುತ್ತಾ? ಆಗ್ದಿದ್ರೆ, ಇಲ್ಲಾ ಗಂಟಿನ ಮೂಳೆಯ ಹಿಂದಿನ ಅಂಚು ಒತ್ತಿದಾಗ ನೋವಾದ್ರೆ ಎಕ್ಸ್‌ರೇ ತೆಗೆಸಿ. ಹೀಗೆ ಹೊರಳಿದಾಗ ಸಾಮಾನ್ಯವಾಗಿ ಹೊರಗಡೆ ಲಿಗಮೆಂಟಿಗೇ (ಮೂಳೆಗಳನ್ನ ಹಿಡಿದಿಡೋ ಪಟ್ಟಿ) ಪೆಟ್ಟು. ನೋವು ಇಳಿದ್ಮೇಲೆ ಒಂಟಿ ಕಾಲಲ್ಲಿ ನಿಲ್ಲೋ ಅಭ್ಯಾಸ ಮಾಡಿ, ಹಲ್ಲುಜ್ಜುವಾಗ್ಲೇ ಮಾಡ್ಬೋದು. ಆ ಕಾಲಲ್ಲಿ ನೋವಿಲ್ದೆ ಕುಪ್ಪಳಿಸೋಕೆ, ಓಡ್ತಾ ತಿರುಗೋಕೆ ಆದ್ಮೇಲೇ ಗ್ರೌಂಡು. ಒಂದು ವಾರ ಅಂದ್ರೆ ಕಷ್ಟ.

ಹಳೇಬ್ಯಾಕ್: ನಾನು ಟೇಪ್ ಸುತ್ಕೊಂಡು ಒಂದೇ ವಾರಕ್ಕೆ ಆಡಿದ್ದೆ, ಹೀರೋ ಥರ, ಆಮೇಲೆ ಅದೇ ಕಾಲು ಮೂರು ಸಲ ಉಳುಕಿ ಈಗ ಕಾಫಿ ತೋಟದ ಇಳಿಜಾರು ಇಳಿಯೋಕೂ ದೊಣ್ಣೆ ಬೇಕು.

ಹಾಕಿಹುಡ್ಗ: ಕುಂಟ್ಕೊಂಡು ಐದಾರು ಹೆಜ್ಜೆ ಹಾಕ್ತೀನಿ ಅಕ್ಕ, ಮೂಳೆ ಒತ್ತಿದ್ರೂ ಅಷ್ಟೇನಿಲ್ಲ. ಅಜ್ಜಿ ಎಣ್ಣೆ ಬಾಟ್ಲಿ ಎತ್ತಿಟ್ಟೆ, ಮುಖ ಊದಿಸ್ಕೊಂಡಿದ್ದಾರೆ.